ಸತ್ತ ಸೆಟ್ಟಿಗೊಂದು ಕ್ಲಿಪ್ಪು

ಬೈಲಹೊಂಗಲದ ಬಜಾರದಲ್ಲಿ ಪಂಪು, ಸ್ಟಾರ್ಟರು, ವಾಯರು ಮಾರುವ ಬಸಯ್ಯನಿಗೆ ಒಂದು ಕಾಲಕ್ಕೆ ಊರೆಲ್ಲ ‘ವಿಮಾನದ ಬಸಯ್ಯ’ ಎನ್ನುತ್ತಿತ್ತು. ಯಾರಾದರೂ ಹಾಗೆ ಕರೆದರೆ ಅವನು ಹುಬ್ಬು ಗಂಟು ಹಾಕಿ, “ಯಾಕ್ರೀ, ನನಗ ಬ್ಯಾರೆ ಹೆಸರಿಲ್ಲೇನು?” ಎನ್ನುತ್ತಿದ್ದ. ಎಲ್ಲಾ ನಾಟಕ! ಒಳಗೆ ಹೋಳಿಗೆ ತುಪ್ಪ ಉಂಡಷ್ಟು ಖುಷಿ. ತಂದೆ ಇಟ್ಟ ಹೆಸರು ತಾಲೂಕಿನಲ್ಲಿ ಎಷ್ಟೋ ಜನಕ್ಕಿತ್ತು, ಈ ಹೆಸರು ಅವನೊಬ್ಬನಿಗೇ ಇತ್ತು. ಅದು ಅವನ ಕೈಬಿಟ್ಟು ಇನ್ನೊಬ್ಬನ ಪಾಲಾದದ್ದು ಹೇಗೆ, ಆಮೇಲೆ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಬಸಯ್ಯ ಹೇಗೆ ಬದುಕಿದ, ಅದನ್ನೇ ಹೇಳಬೇಕಾಗಿದೆ.

ಅವನಿಗೆ ವಿಮಾನದ ಹುಚ್ಚು ಹಿಡಿದದ್ದು ಧಾರವಾಡದಲ್ಲಿ ಕಾಲೇಜು ಓದುವಾಗ. ಎನ್‌ಸಿಸಿಯ ಹುಡುಗರಿಗೆ ಮಾಸ್ತರರೊಬ್ಬರು ಒಂದು ದಿನ ಸಣ್ಣ ವಿಮಾನ ಹಾರಿಸಿ ತೋರಿಸಿದರು. ಹಗ್ಗವಿಲ್ಲ, ದಾರವಿಲ್ಲ. ಕೈಯಲ್ಲೊಂದು ಡಬ್ಬಿ, ಡಬ್ಬಿಗೊಂದು ಉದ್ದನೆಯ ಏರಿಯಲ್ಲು. ಇಲ್ಲಿ ಗುಂಡಿ ಒತ್ತಿದರೆ ಅಲ್ಲಿ ಮುಗಿಲಲ್ಲಿ ವಿಮಾನ ಹೊರಳುತ್ತಿತ್ತು. ಉಳಿದ ಹುಡುಗರೆಲ್ಲ ಬಾಯಿ ತೆರೆದು ವಿಮಾನ ನೋಡಿದರು, ಬಸಯ್ಯ ಡಬ್ಬಿ ನೋಡಿದ. ಆ ಡಬ್ಬಿಗೆ ಹುಡುಗರು ‘ಸೆಟ್ಟು’ ಎನ್ನುತ್ತಿದ್ದರು. ಓದು ಮುಗಿದು, ತಂದೆಯ ಅಂಗಡಿಯ ಗಾದಿಯ ಮೇಲೆ ಕುಳಿತು, ಮದುವೆಯಾಗಿ, ತಲೆಗೂದಲು ಅರ್ಧ ನರೆತರೂ ಆ ಸೆಟ್ಟು ಅವನ ಕಣ್ಣಿನಿಂದ ಹೋಗಲಿಲ್ಲ.

ಕಡೆಗೆ ಬೆಳಗಾವಿಯ ಒಬ್ಬ ನಿವೃತ್ತ ವಾಯುಸೇನೆಯವರ ಕಡೆಯಿಂದ ಒಂದು ಹಳೇ ಸೆಟ್ಟು ತಂದ. ಒಂದೇ ಗುಂಡಿಯದು. ಒಮ್ಮೆ ಒತ್ತಿದರೆ ಎಡಕ್ಕೆ, ಎರಡು ಸಲ ಒತ್ತಿದರೆ ಬಲಕ್ಕೆ. ಅದನ್ನು ಬಿಚ್ಚಿ, ತೊಳೆದು, ಬೆಸುಗೆ ಹಾಕಿ, ದೊಡವಾಡದ ದಾರಿಯ ಪಕ್ಕ ಊರ ದನ ಮೇಯುವ ಗಾಯರಾಣದಲ್ಲಿ ವಿಮಾನ ಎಬ್ಬಿಸಿಯೇ ಬಿಟ್ಟ. ದನ ಕಾಯುವವರು ಓಡಿಬಂದರು, ಬಸ್ಸು ನಿಲ್ಲಿಸಿ ಡ್ರೈವರ್ ಇಳಿದ. ವಿಮಾನದ ಬಸಯ್ಯ ಹುಟ್ಟಿದ್ದು ಆವತ್ತು.

ಅಲ್ಲಿಂದ ಹಳೇ ಸೆಟ್ಟುಗಳ ಬೆನ್ನು ಬಿದ್ದ. ಪಂಪಿನ ಮಾಲು ತರಲು ಹುಬ್ಬಳ್ಳಿ, ಬೆಳಗಾವಿ, ಪುಣೆ ಎಲ್ಲಿಗೇ ಹೋಗಲಿ, ಕೆಲಸ ಮುಗಿಸಿ ಗುಜರಿ ಸಾಮಾನಿನ ಮೋಡಕಾ ಅಂಗಡಿಗಳಿಗೆ ನುಗ್ಗುತ್ತಿದ್ದ. ನೆಲದ ಮೇಲಿಟ್ಟು ಬಳಸುವ ವಾಲ್ವಿನ ದೊಡ್ಡ ಪೆಟ್ಟಿಗೆ, ಹಾರ್ಮೋನಿಯಮ್ಮಿನಂತೆ ಒಳಗೆ ಪಟ್ಟಿ ನಡುಗುವ ಸೆಟ್ಟು, ಬೆಳ್ಳಿ ಬಣ್ಣದ ಸೆಟ್ಟು, ಹೀಗೆ ಅಂಗಡಿಯ ಅಟ್ಟದ ಮೇಲಿನ ಕೋಣೆ ತುಂಬಿತು. ಹಳೇ ಸೆಲ್ಲು ಸೋರಿ ಒಳಗೆ ಹಸಿರು ಕಿಲುಬು ಹಿಡಿದಿದ್ದರೆ ಅದನ್ನು ಲಿಂಬೆ ರಸದಿಂದ ತಿಕ್ಕುತ್ತಿದ್ದ. ಹೆಂಡತಿ ಅನ್ನಪೂರ್ಣಾ ಬುಟ್ಟಿಗೆ ಕೈ ಹಾಕಿದರೆ ಲಿಂಬೆಹಣ್ಣೇ ಇರುತ್ತಿರಲಿಲ್ಲ. “ಮನ್ಯಾಗ ಮಂದಿಗೆ ಚಿತ್ರಾನ್ನಿಲ್ಲ, ಡಬ್ಬಿಗಳಿಗೆ ದಿನಾ ಅಭಿಷೇಕ!” ಎಂದು ಆಕೆ ಗೊಣಗಿದರೆ, “ಸೆಲ್ ಒಳಗ ಬಿಟ್ರ ಸೆಟ್ಟು ಸಾಯತಾವ, ಅಷ್ಟರ ತಿಳ್ಕೋ” ಎಂದು ಅವಳಿಗೂ ಪಾಠ ಹೇಳುತ್ತಿದ್ದ. ಪಂಪು ಒಯ್ಯಲು ಬಂದ ರೈತರಿಗೂ ಅದೇ ಪಾಠ: “ಬ್ಯಾಟರಿ ಇರಲಿ, ರೇಡಿಯೋ ಇರಲಿ, ಕೆಲಸ ಮುಗೀತಂದ್ರ ಸೆಲ್ ತಗದ್ ಇಡ್ರಿ.”

ಈ ಕಥೆಗೆ ದುಂಡಪ್ಪ ಬಂದದ್ದು ಮುಗಿಲಿನಿಂದಲೇ ಎನ್ನಬೇಕು. ತೊಂಬತ್ತರ ದಶಕದ ಮೊದಲಲ್ಲಿ ಒಂದು ರವಿವಾರ ಬಸಯ್ಯನ ವಿಮಾನ ಗಾಳಿಗೆ ಸಿಕ್ಕು, ಗುಂಡಿಯ ಮಾತು ಕೇಳದೆ ದೂರ ಹೋಗಿಬಿಟ್ಟಿತು. ಹುಡುಕಿ ಹುಡುಕಿ ಸಾಕಾಗಿ ಅಂಗಡಿಗೆ ಬಂದು ಕುಳಿತರೆ, ಸಂಜೆಗೆ ಬಾಗಿಲಲ್ಲಿ ಒಂದು ಜೀಪು ನಿಂತಿತು. ದೊಡವಾಡದ ಕಡೆಯ ಹೊಲಮನೆ ಗಟ್ಟಿ ಇದ್ದ ತರುಣನೊಬ್ಬ ಹಚ್ಚಡದಲ್ಲಿ ಸುತ್ತಿದ ವಿಮಾನವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಇಳಿದ.

“ನಮ್ಮ ಜ್ವಾಳದಾಗ ಬಿದ್ದಿತ್ರಿ ಅಯ್ಯಾರ. ಒಂದ್ ರೆಕ್ಕಿ ಮುರದೈತಿ, ಉಳದದ್ದೆಲ್ಲಾ ಛಲೋ ಐತ್ರಿ. ಇದನ್ನ ಹೆಂಗ ಮಾಡ್ತಾರ್ರಿ? ನನಗೂ ಕಲಸ್ರಿ.”

ಅದು ದುಂಡಪ್ಪ. ಬಸಯ್ಯ ಜಂಗಮ, ವಯಸ್ಸಿನಲ್ಲೂ ಹಿರಿಯ. ಅದಕ್ಕೇ ಕಡೆಯವರೆಗೂ ‘ಅಯ್ಯಾರ’ ಎನ್ನುವುದನ್ನು ದುಂಡಪ್ಪ ಬಿಡಲಿಲ್ಲ. ಶಿಷ್ಯನೊಬ್ಬ ಸಿಕ್ಕನೆಂದು ಬಸಯ್ಯನಿಗೂ ಹಿಗ್ಗು. ರೆಕ್ಕೆಗೆ ತೆಳು ಕಾಗದ ಅಂಟಿಸುವುದು, ಇಂಜಿನ್ನಿಗೆ ಔಡಲೆಣ್ಣೆ ಬೆರೆಸುವುದು, ಗಾಳಿ ನೋಡುವುದು ಎಲ್ಲ ಕಲಿಸಿದ. ಕಲಿಸುವಾಗ ಒಂದು ಮಾತು ಅವನಿಗೆ ತಿಳಿದಿತ್ತು, ಒಂದು ತಿಳಿದಿರಲಿಲ್ಲ. ದುಂಡಪ್ಪ ಕಲಿಯುತ್ತಾನೆ ಎಂಬುದು ತಿಳಿದಿತ್ತು. ಅವನು ತನಗಿಂತ ಚೆನ್ನಾಗಿ ಕಲಿತರೆ ತನ್ನ ಹೊಟ್ಟೆ ಏನು ಮಾಡುತ್ತದೆ ಎಂಬುದು ತಿಳಿದಿರಲಿಲ್ಲ.

ಎರಡು ವರ್ಷದ ಮೇಲೆ ಬೆಳಗಾವಿಯ ಮೋಡಕಾದಲ್ಲಿ ಬಸಯ್ಯನಿಗೆ ಜೋಡಿ ಸೆಟ್ಟು ಸಿಕ್ಕವು. ಯಾವುದೋ ಕಾಲೇಜಿನವರು ಎಸೆದ ಸಾಮಾನು. ಎರಡೂ ಒಂದೇ ತರದವು, ಎರಡು ಕೋಲಿನವು, ಕೋಲು ಎಷ್ಟು ತಿರುವಿದರೆ ವಿಮಾನ ಅಷ್ಟೇ ಹೊರಳುವ ಜಾತಿಯವು. ಬಸಯ್ಯ ಆವತ್ತಿನ ತನಕ ಬರೀ ಆಸೆಪಟ್ಟ ಮಾಲು ಅದು! ಒಂದರ ಮೈ ಕನ್ನಡಿಯಂತೆ ಹೊಳೆಯುತ್ತಿತ್ತು, ಸೆಲ್ಲು ಸಮೇತ ಸರ್ವಾಂಗ ಸರಿ ಇತ್ತು. ಇನ್ನೊಂದಕ್ಕೆ ಮೂಲೆ ನೆಗ್ಗಿ, ಸೆಲ್ಲಿನ ಗೂಡು ಖಾಲಿ ಬಿದ್ದಿತ್ತು. ಬಸಯ್ಯ ಹೊಳೆಯುವುದನ್ನು ತನಗಿಟ್ಟುಕೊಂಡು ನೆಗ್ಗಿದ್ದನ್ನು ದೊಡ್ಡ ಮನಸ್ಸು ಮಾಡಿ ದುಂಡಪ್ಪನಿಗೆ ಕೊಟ್ಟ. ಊರಿಗೆಲ್ಲ ಸೆಲ್ಲಿನ ಪಾಠ ಹೇಳುವ ಪುಣ್ಯಾತ್ಮ, ಹೊಳಪು ಕಂಡೊಡನೆ ತನ್ನ ಪಾಠ ತಾನೇ ಮರೆತ.

ಮನೆಗೆ ಬಂದು ಬಿಚ್ಚಿದರೆ ಒಳಗೆ ಸ್ಮಶಾನ. ವರ್ಷಾನುಗಟ್ಟಲೆ ಒಳಗೇ ಉಳಿದ ಸೆಲ್ಲು ಸೋರಿ, ಕಿಲುಬು ಪ್ಲಾಸ್ಟಿಕ್ಕಿನ ಹೊದಿಕೆಯ ಕೆಳಗೆ ತೆವಳಿ, ಒಂದೊಂದು ವಾಯರೂ ಒಳಗಿನಿಂದ ಇದ್ದಿಲಿನಂತೆ ಕಪ್ಪಾಗಿತ್ತು. ಅದರ ಜೊತೆಗಿದ್ದ, ವಿಮಾನದೊಳಗೆ ಇಡಬೇಕಾದ ಚಿಕ್ಕ ರಿಸೀವರಂತೂ ಕೈಯಲ್ಲೇ ಪುಡಿಯಾಯಿತು. ದುಂಡಪ್ಪನ ನೆಗ್ಗಿದ ಡಬ್ಬಿಯಲ್ಲಿ ಯಾರೋ ಪುಣ್ಯವಂತರು ಹಿಂದೆಯೇ ಸೆಲ್ಲು ತೆಗೆದಿಟ್ಟಿದ್ದರಲ್ಲ, ಒಳಗೆಲ್ಲ ಸ್ವಚ್ಛ. ಆ ತಿಂಗಳೇ ಅದು ಮಾತಾಡಿತು.

ಈಗ ಕ್ಲಿಪ್ಪಿನ ಸಂಗತಿ ಹೇಳಬೇಕು. ಪ್ರತಿ ಸೆಟ್ಟಿನಲ್ಲೂ ಕ್ರಿಸ್ಟಲ್ ಎಂಬ ಉಗುರಿನಷ್ಟು ತುಣುಕು ಇರುತ್ತದೆ, ಅದರ ಮೇಲೊಂದು ನಂಬರು. ವಿಮಾನ ಆ ನಂಬರಿನ ಮಾತನ್ನಷ್ಟೇ ಕೇಳುತ್ತದೆ. ಈ ಜೋಡಿ ಸೆಟ್ಟಿನ ನಂಬರು ಒಂದೇ. ಅಂದರೆ ಒಬ್ಬ ವಿಮಾನ ಹಾರಿಸುವಾಗ ಇನ್ನೊಬ್ಬ ತನ್ನ ಸೆಟ್ಟಿನ ಬಟನ್ ಹಾಕಿದನೋ, ಆ ವಿಮಾನ ಯಾರ ಮಾತು ಕೇಳಲಿ? ಕೆಡವಿದಂತೆಯೇ ಲೆಕ್ಕ. ಅದಕ್ಕೆ ಬಸಯ್ಯ ಧಾರವಾಡದಲ್ಲಿ ಕಲಿತ ಪದ್ಧತಿಯನ್ನೇ ಇಲ್ಲಿ ತಂದ. ಅನ್ನಪೂರ್ಣಾ ಬಟ್ಟೆ ಒಣಹಾಕುವ ಕಟ್ಟಿಗೆಯ ಕ್ಲಿಪ್ಪೊಂದನ್ನು ಗಾಯರಾಣದ ಜಾಲಿ ಗಿಡಕ್ಕೆ ಸಿಕ್ಕಿಸಿದ.

“ನೋಡು ದುಂಡಪ್ಪಾ, ಕ್ಲಿಪ್ ಇರೂದು ಒಂದ. ಯಾರ ಏರಿಯಲ್ಲಿಗೆ ಕ್ಲಿಪ್ ಐತಿ, ಅವನಷ್ಟ ಸೆಟ್ ಚಾಲೂ ಮಾಡಬೇಕು. ಕ್ಲಿಪ್ಪಿಲ್ಲದ ಬಟನ್ ಮುಟ್ಟಿದಾಂವ ಮನಷ್ಯಾನ ಅಲ್ಲ.”

ದುಂಡಪ್ಪ ಆ ಮಾತನ್ನು ಲಿಂಗ ಮುಟ್ಟಿ ಹೇಳಿದಂತೆ ಹಿಡಿದ. ಬಸಯ್ಯನ ಸೆಟ್ಟು ಸತ್ತು ಬಿದ್ದಿದೆ, ಅದು ಅಟ್ಟ ಬಿಟ್ಟು ಇಳಿಯುವುದೇ ಇಲ್ಲ ಎಂದು ಗೊತ್ತಿದ್ದರೂ, ಪ್ರತಿ ರವಿವಾರ ಗಿಡದ ಹತ್ತಿರ ನಿಂತು, “ಕ್ಲಿಪ್ ತಗೊಳ್ಳಲೇನ್ರಿ, ಅಯ್ಯಾರ?” ಎಂದು ಕೇಳುವನು. ಬಸಯ್ಯ ‘ತಗೋ’ ಎಂದ ಮೇಲೆಯೇ ಏರಿಯಲ್ಲಿಗೆ ಸಿಕ್ಕಿಸುವನು. ಅವನು ಕೇಳುತ್ತಿದ್ದದ್ದು ಮರ್ಯಾದೆಯಿಂದ. ಬಸಯ್ಯನ ಕಿವಿಗೆ ಅದು, ‘ನಿಮ್ದು ಸತ್ತೈತೆಲ್ರಿ, ಆದ್ರೂ ಕೇಳತೇನಿ’ ಎಂದು ಹಂಗಿಸಿದಂತೆ ಬೀಳುತ್ತಿತ್ತು.

ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿ. ದುಂಡಪ್ಪನ ಕೈ ಒಳ್ಳೆಯ ಕೈ. ಗಾಳಿಯಲ್ಲಿ ವಿಮಾನ ಮಲಗಿಸಿ ಎಬ್ಬಿಸುವನು, ನೆಲಕ್ಕೆ ತಾಗಿಸಿಯೂ ತಾಗಿಸದಂತೆ ಒಯ್ಯುವನು. ಸವದತ್ತಿಯಿಂದ, ಮನೋಳಿಯಿಂದ ಜನ ಸೈಕಲ್ ಮೋಟಾರು ಹತ್ತಿ ನೋಡಲು ಬರತೊಡಗಿದರು. ಮೊದಮೊದಲು, “ಇವರು ವಿಮಾನದ ಬಸಯ್ಯಾರು, ಇಂವ ಅವರ ಶಿಷ್ಯಾ” ಎನ್ನುತ್ತಿದ್ದವರು ಬರಬರುತ್ತ, “ಇಂವ ವಿಮಾನದ ದುಂಡಪ್ಪ... ಇವರು ಅಂಗಡಿ ಬಸಯ್ಯಾರು” ಎನ್ನತೊಡಗಿದರು. ಅಂಗಡಿ ಬಸಯ್ಯ! ಆವತ್ತು ಬಸಯ್ಯ ಮನೆಗೆ ಬಂದು ತಾಟಿನ ಮುಂದೆ ಕುಳಿತವನು ರೊಟ್ಟಿ ಮುರಿದು ಮುರಿದು ಹಾಗೇ ಬಿಟ್ಟು ಎದ್ದ.

“ಯಾಕ್ರೀ, ಪಲ್ಯ ಸಪ್ಪಗಾತೇನು?” ಎಂದಳು ಅನ್ನಪೂರ್ಣಾ.

“ಪಲ್ಯಾ ಅಲ್ಲ, ಬಾಳೇ ಸಪ್ಪಗಾಗೇತಿ.”

“ಅಯ್ಯ, ದುಂಡಪ್ಪ ಏನ್ ನಿಮ್ಮ ತಾಟಿನ್ಯಾಗಿಂದು ಕಸ್ಕೊಂಡಾನೇನು? ನೀವ ಕಲಿಸಿದ್ದಲ್ಲ, ಖುಷಿ ಪಡ್ರಿ.”

ಖುಷಿಯಂತೆ ಖುಷಿ! ಬೆಂಕಿಗೆ ಎಣ್ಣೆ ಸುರಿದಂತಾಯಿತು. ಒಂದು ಗುಂಡಿಯ ಹಳೇ ಸೆಟ್ಟಿನಿಂದ ದುಂಡಪ್ಪನಂತೆ ಹಾರಿಸುವುದು ಆಗದ ಮಾತು. ಅವನಿಗೆ ಬೇಕಾದದ್ದು ಒಂದೇ: ಆ ಸತ್ತ ಸೆಟ್ಟಿಗೆ ಜೀವ ಬರಬೇಕು, ಗಾಯರಾಣದಲ್ಲಿ ಅದನ್ನು ಹಿಡಿದು ನಿಲ್ಲಬೇಕು, ‘ಕ್ಲಿಪ್ ಇವತ್ತ ನಂದು, ದುಂಡಪ್ಪಾ’ ಎನ್ನಬೇಕು. ಅದಕ್ಕಾಗಿ ಅಂಗಡಿಯನ್ನು ಆಳಿಗೆ ಒಪ್ಪಿಸಿ ಮಧ್ಯಾಹ್ನವೆಲ್ಲ ಅಟ್ಟದಲ್ಲಿ ಕೂರತೊಡಗಿದ. ಕಪ್ಪು ವಾಯರು ಒಂದೊಂದಾಗಿ ಕಿತ್ತ, ಹೊಸದು ಹಾಕಿದ, ಸಂದಿಗೊಂದಿ ತಿಕ್ಕಿದ. ಬಟನ್ ಹಾಕಿದರೆ, ಸೆಟ್ಟಿನ ಮುಖದ ಮೇಲೆ ಚಾಲೂ ಆದದ್ದನ್ನು ತೋರಿಸುವ ಸೂಜಿ ಸತ್ತ ಹುಳದಂತೆ ಬಿದ್ದೇ ಇರುತ್ತಿತ್ತು. ಆ ಸೂಜಿಯೇ ಕೆಟ್ಟಿದೆಯೋ, ಸೆಟ್ಟು ಕೆಟ್ಟಿದೆಯೋ? ತಿಳಿಯಬೇಕೆಂದರೆ ಅದೇ ನಂಬರಿನ ರಿಸೀವರ್ ಬೇಕು. ಬಸಯ್ಯನದು ಪುಡಿಯಾಗಿತ್ತು. ಸುತ್ತಿನ ತಾಲೂಕುಗಳಲ್ಲಿ ಇದ್ದದ್ದು ಒಂದೇ, ಅದು ದುಂಡಪ್ಪನ ವಿಮಾನದ ಹೊಟ್ಟೆಯಲ್ಲಿತ್ತು.

ದುಂಡಪ್ಪ ತಾನೇ ಕೇಳಿಯೂ ಇದ್ದ. “ನನ್ನ ರಿಸೀವರ್ ತಂದಿಡತೇನ್ರಿ, ಅದರ ಮ್ಯಾಲೆ ಚೆಕ್ ಮಾಡ್ರಿ.”

“ಬ್ಯಾಡ. ನನಗ ಯಾರ ಸಾಮಾನೂ ಬ್ಯಾಡ,” ಎಂದಿದ್ದ ಬಸಯ್ಯ. ಹತ್ತು ನಿಮಿಷದ ಕೆಲಸ ಅದು. ಆ ಹತ್ತು ನಿಮಿಷ ದುಂಡಪ್ಪನ ಉಪಕಾರದಲ್ಲಿ ಇರುವುದಕ್ಕಿಂತ ಹತ್ತು ವರ್ಷ ಕತ್ತಲಲ್ಲಿ ತಡಕುವುದೇ ಅವನಿಗೆ ಮೇಲು ಅನಿಸಿತು. ಇಂಥ ಸೊಕ್ಕಿಗೆ ಏನೆನ್ನಬೇಕು!

ಹೀಗಿರುವಾಗ ಊರಿನ ಒಂದು ಕಾಲೇಜಿನ ವರ್ಷದ ಹಬ್ಬ, ಗ್ಯಾದರಿಂಗ್, ಬಂತು. ಫಿಜಿಕ್ಸ್ ಕಲಿಸುವ ಗೌರೀಶ ಸರ್ ಅಂಗಡಿಗೆ ಬಂದರು. ಹಿಂದೆ ಒಂದು ಸಲ ಇದೇ ಗ್ಯಾದರಿಂಗಿನಲ್ಲಿ ಬಸಯ್ಯ ವಿಮಾನ ಹಾರಿಸಿದ್ದ. ಈಗಲೂ ಅದಕ್ಕೇ ಕರೆಯಲು ಬಂದರೆಂದು ಅವನು ಚಹಾ ತರಿಸಿದ.

“ಈ ವರ್ಷ ವಿಮಾನದ ದುಂಡಪ್ಪನ್ನ ಕರದೇವ್ರಿ,” ಎಂದರು ಸರ್. “ದುಂಡಪ್ಪ ತಾನ ಹೇಳ್ಯಾನ, ನಿಮ್ಮ ಹಳೇ ಸೆಟ್ಟೆಲ್ಲಾ ಒಂದ್ ಟೇಬಲ್ ಮ್ಯಾಲೆ ಹಚ್ಚಿ ಇಡಬೇಕಂತ. ಹುಡುಗೂರ ನೋಡ್ತಾವ. ನೀವ ಅಲ್ಲೆ ಕುಂತು ಹೇಳ್ರಿ.”

ಬಸಯ್ಯ ಚಹಾದ ಬಟ್ಟಲು ಕೆಳಗಿಟ್ಟ. ಮುಗಿಲು ಅವನಿಗೆ, ಟೇಬಲ್ಲು ನನಗೆ! ಆದರೂ ಒಲ್ಲೆ ಎನ್ನಲಿಲ್ಲ. ಒಲ್ಲೆ ಎಂದರೆ ಹೊಟ್ಟೆಕಿಚ್ಚು ಎಂದಾರು ಎಂಬ ಹೆದರಿಕೆ. ಆ ವಾರ ಹೊಳೆಯುವ ಸೆಟ್ಟಿನಲ್ಲಿ ಉಳಿದಿದ್ದ ಕಡೆಯ ಕಪ್ಪು ವಾಯರನ್ನೂ ಬದಲಿಸಿದ, ಕ್ರಿಸ್ಟಲ್ಲಿನ ಕಾಲು ತಿಕ್ಕಿದ, ಹೊಸ ಸೆಲ್ಲು ಹಾಕಿದ. ಸೂಜಿ ಏಳಲಿಲ್ಲ. ಸುಡುಗಾಡಿಗೆ ಹೋಗಲಿ ಎಂದು ಉಳಿದವುಗಳ ಜೊತೆ ಅದನ್ನೂ ಪೆಟ್ಟಿಗೆಗೆ ತುಂಬಿದ.

ಗ್ಯಾದರಿಂಗಿನ ದಿನ ಪೆಂಡಾಲಿನ ಬದಿಗೆ ಅವನ ಟೇಬಲ್ಲು. ಹುಡುಗರು ಬಂದು, “ಇವು ಚಾಲೂ ಅದಾವೇನ್ರಿ, ಕಾಕಾ?” ಎನ್ನುವರು. ಅವನು, “ಇಲ್ಲೋ, ಹಳೇವು” ಎನ್ನುವನು. ಅವರು ಮುಂದೆ ಹೋಗುವರು. ಅನ್ನಪೂರ್ಣಾ ಹೆಂಗಸರ ಸಾಲಿನಲ್ಲಿ ಕುಳಿತಿದ್ದಳು. ದುಂಡಪ್ಪ ಮೈದಾನದ ಆ ತುದಿಗೆ ಹೋಗುವ ಮೊದಲು ಇಷ್ಟು ಜನರ ನಡುವೆ ಟೇಬಲ್ಲಿಗೆ ಬಂದು, ಬಸಯ್ಯನ ಕಾಲು ಮುಟ್ಟಿ, ಕಿಸೆಯಿಂದ ಕ್ಲಿಪ್ಪು ತೆಗೆದು ತೋರಿಸಿ, “ಕ್ಲಿಪ್ ತಗೊಳ್ಳಲೇನ್ರಿ, ಅಯ್ಯಾರ?” ಎಂದ.

“ತಗೋ,” ಎಂದ ಬಸಯ್ಯ.

ವಿಮಾನ ಎದ್ದಿತು. ಕೆಂಪು ರೆಕ್ಕೆಯದು, ದುಂಡಪ್ಪ ಆ ಚಳಿಗಾಲವೆಲ್ಲ ಕುಳಿತು ಮಾಡಿದ್ದು. ಒಂದು ಸುತ್ತು ಹಾಕಿತು, ಚಪ್ಪಾಳೆ. ಬೆನ್ನ ಮೇಲಾಗಿ ಹಾರಿತು, ಸಿಳ್ಳೆ. ಮೈಕಿನಲ್ಲಿ ಯಾರೋ, “ನಮ್ಮ ವಿಮಾನದ ದುಂಡಪ್ಪ!” ಎಂದು ಕೂಗಿದರು. ಹೆಂಗಸರ ಸಾಲಿನಲ್ಲಿ ಅನ್ನಪೂರ್ಣಾಳೂ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದಳು. ಅದನ್ನು ಬಸಯ್ಯ ನೋಡಿದ. ನೋಡಬಾರದಿತ್ತು.

ಅವನ ಕೈ ತಾನಾಗಿ ಹೊಳೆಯುವ ಸೆಟ್ಟಿನ ಮೇಲೆ ಹೋಯಿತು. ಏರಿಯಲ್ಲು ಎಳೆದ. ಬಟನ್ ಹಾಕಿದ. ಕೆಡಕು ಮಾಡಬೇಕೆಂದಲ್ಲ, ಇದನ್ನು ಮಾತ್ರ ನಂಬಬೇಕು. ಸತ್ತ ಸೆಟ್ಟಿನಿಂದ ಏನು ಕೆಡಕು? ಸಣ್ಣ ಹುಡುಗ ನಿಂತ ಬಸ್ಸಿನ ಸ್ಟೇರಿಂಗ್ ಹಿಡಿದು ಬುರ್ರ್ ಎನ್ನುವನಲ್ಲ, ಹಾಗೆ. ಒಂದು ಗಳಿಗೆ ತಾನೇ ಹಾರಿಸುತ್ತಿದ್ದೇನೆ ಅಂದುಕೊಳ್ಳಬೇಕಿತ್ತು ಅವನಿಗೆ. ವಿಮಾನ ಟೇಬಲ್ಲಿನ ನೆತ್ತಿಯ ಮೇಲೆ ಬಂದಾಗ ಅವನು ಕೋಲನ್ನು ಮೆಲ್ಲಗೆ ಎಡಕ್ಕೆ ಒತ್ತಿದ.

ವಿಮಾನ ಎಡಕ್ಕೆ ಹೊರಳಿತು.

ಬಲಕ್ಕೆ ಒತ್ತಿದ. ತುಸು ತಡವರಿಸಿ ಅದು ಬಲಕ್ಕೂ ಬಂತು. ಅಯ್ಯೋ ಶಿವನೇ, ಚಾಲೂ ಆಗಿದೆ! ಇಷ್ಟು ವರ್ಷದ ಲಿಂಬೆ ರಸ, ಇಷ್ಟು ವರ್ಷದ ಬೆಸುಗೆ, ಎಲ್ಲಕ್ಕೂ ಈಗ ಫಲ ಬಂತು! ಕೆಟ್ಟಿದ್ದದ್ದು ಸೂಜಿ, ಸೆಟ್ಟಲ್ಲ! ಬಸಯ್ಯನ ಕಣ್ಣು ತುಂಬಿಬಂದವು. ಆ ತುದಿಯಲ್ಲಿ ದುಂಡಪ್ಪ ಕೋಲು ತಿರುವುತ್ತ ಗಾಬರಿಯಾಗಿ ಎರಡು ಹೆಜ್ಜೆ ಮುಂದೆ ಬಂದದ್ದು ಅವನಿಗೆ ಕಂಡಿತು. ಬಟನ್ ಅವನ ಹೆಬ್ಬೆರಳಿನ ಕೆಳಗೇ ಇತ್ತು. ತೆಗೆದರೆ ಮುಗಿಯಿತು, ವಿಮಾನ ದುಂಡಪ್ಪನ ಕೈಗೆ ಹೋಗುತ್ತದೆ.

ಅವನು ತೆಗೆಯಲಿಲ್ಲ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು, ವಿಮಾನ ನನ್ನದಾಗಿರಲಿ ಎಂದು ತೆಗೆಯಲಿಲ್ಲ. ಅಷ್ಟರೊಳಗೆ ಎರಡು ಸೆಟ್ಟಿನ ಮಾತು ಕೇಳಿ ತಲೆಕೆಟ್ಟ ವಿಮಾನ ಗಡಗಡ ನಡುಗಿ, ಮೂಗು ಕೆಳಗೆ ಮಾಡಿ, ಮೈದಾನದ ಕಂಪೌಂಡಿಗೆ ಹೋಗಿ ಬಡಿಯಿತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಎಲ್ಲರ ಕಣ್ಣು ಆ ಕಡೆ ಇದ್ದಾಗ ಬಸಯ್ಯ ಬಟನ್ ತೆಗೆದು ಏರಿಯಲ್ಲು ಒಳಗೆ ತಳ್ಳಿದ.

ಜನ ಮೊದಲು ಹೌಹಾರಿದರು, ಆಮೇಲೆ ನಕ್ಕರು. ದುಂಡಪ್ಪ ಮುರಿದ ರೆಕ್ಕೆಗಳನ್ನು ಪಂಚೆಯಲ್ಲಿ ಬಾಚಿಕೊಂಡು ಬಂದು, “ನನ್ನ ರಿಸೀವರ್ ಕೈ ಕೊಟ್ಟತ್ರಿ, ಅಯ್ಯಾರ,” ಎಂದ. ಅವನ ಸೆಟ್ಟಿನ ಏರಿಯಲ್ಲಿಗೆ ಕ್ಲಿಪ್ಪು ಇನ್ನೂ ಹಾಗೇ ಕಚ್ಚಿಕೊಂಡಿತ್ತು.

“ಹಳೇ ಸಾಮಾನಪಾ,” ಎಂದ ಬಸಯ್ಯ.

ಮರುದಿನದಿಂದ ಬಜಾರದ ಬಾಯಿ ತಿರುಗಿತು. “ಬಸಯ್ಯಾರ ಕೈಯಾಗಿದ್ರ ಹಿಂಗ ಆಗತಿದ್ದಿಲ್ಲ ಬಿಡ್ರಿ” ಎನ್ನುವವರು ಹುಟ್ಟಿಕೊಂಡರು. ಅವನಿಗೆ ಬೇಕಾದದ್ದೆಲ್ಲ ಸಿಕ್ಕಿತು ನೋಡಿ! ಸೆಟ್ಟಿಗೆ ಜೀವ ಬಂತು, ದುಂಡಪ್ಪ ನೆಲಕ್ಕೆ ಬಿದ್ದ, ಹಳೇ ಹೆಸರು ಬಾಗಿಲ ತನಕ ಬಂದು ನಿಂತಿತು. ಆದರೆ ಆ ಸೆಟ್ಟು ಚಾಲೂ ಇದೆ ಎಂದು ಯಾರಿಗೆ ಹೇಳಬೇಕು? ಊರಿಗೆ ಬೇಕಾದ ಸುಳ್ಳು ಹೇಳಬಹುದು, ನಿನ್ನೆ ಮೊನ್ನೆ ರಿಪೇರಿ ಆಯಿತು ಎನ್ನಬಹುದು. ದುಂಡಪ್ಪನಿಗೆ? ಒಂದೇ ನಂಬರಿನ ಸೆಟ್ಟು, ಅದೇ ಮೈದಾನ, ಅದೇ ದಿನ. ಅವನೇನು ಹಾಲು ಕುಡಿಯುವ ಮಗುವೇ? ತನ್ನ ಬಾಳಿನ ಒಳ್ಳೆಯ ಕೆಲಸವನ್ನು ಬಸಯ್ಯ ಅಟ್ಟದ ಮೇಲಿಟ್ಟು ಬಾಯಿ ಹೊಲಿದುಕೊಂಡ.

ಯುಗಾದಿ ಕಳೆದ ಮೇಲೆ ದುಂಡಪ್ಪ ಅಂಗಡಿಗೆ ಬಂದ. ಅಟ್ಟ ಹತ್ತಿ ಎದುರಿಗೆ ಕುಳಿತ.

“ಅಯ್ಯಾರ, ರಿಸೀವರ್ ಪೂರಾ ಬಿಚ್ಚಿ ನೋಡಿದ್ನಿರಿ. ಏನೂ ಆಗಿಲ್ಲ. ಸೆಟ್ಟೂ ಛಲೋ ಐತಿ.” ಅಂಗೈಯನ್ನು ರೆಕ್ಕೆಯಂತೆ ಎಡಕ್ಕೆ ಹೊರಳಿಸಿ ಹೇಳಿದ: “ಆವತ್ತ ಬೀಳೂಕಿಂತ ಮೊದ್ಲ ವಿಮಾನ ಎಡಕ್ಕ ಹೊಳ್ಳಿತ್ರಿ, ಭಾಳ ಛಂದ ಹೊಳ್ಳಿತ್ತು. ನಾ ಹೊಳ್ಳಿಸಿದ್ದಲ್ಲ. ಕೆಟ್ಟ ಸಾಮಾನು ಹಂಗ ಹೊಳ್ಳಸೂದಿಲ್ರಿ. ಅದು ಕೈಯಿನ ಕೆಲಸ.”

ಬಸಯ್ಯ ಸ್ಕ್ರೂ ಡ್ರೈವರ್ ಒರೆಸುತ್ತ ಕುಳಿತ.

“ನಿಮ್ಮ ಸೆಟ್ಟು ಚಾಲೂ ಆತೇನ್ರಿ?” ದುಂಡಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ಆಸೆಯಂಥದ್ದು ಇತ್ತು. “ಆಗಿದ್ರ ಆಗೇತಿ ಅನ್ರಿ. ವಿಮಾನ ಇನ್ನೊಂದ್ ಮಾಡತೇನಿ, ಅದೇನ್ ದೊಡ್ಡದಲ್ಲ. ನಿಮ್ಮ ಸೆಟ್ಟು ಎದ್ದತಂದ್ರ ನಾನ ಊರಿಗೆಲ್ಲಾ ಪೇಢೆ ಹಂಚತೇನ್ರಿ.”

ಹೌದು ಎನ್ನಬಹುದಿತ್ತು. ಎರಡಕ್ಷರಕ್ಕೆ ಹೊರೆ ಇಳಿದುಹೋಗುತ್ತಿತ್ತು. ಆದರೆ ಈ ಮನುಷ್ಯ ಹಾರಿಸುವುದರಲ್ಲಿ ಗೆದ್ದದ್ದು ಸಾಲದೆಂದು ಕ್ಷಮಿಸುವುದರಲ್ಲೂ ಗೆಲ್ಲಲು ಬಂದಿದ್ದಾನೆ ಎಂದು ಬಸಯ್ಯನಿಗೆ ಹೊಟ್ಟೆ ಹೊತ್ತಿ ಉರಿಯಿತು. ಅವನ ಪೇಢೆ ತಿನ್ನುವ ಬದಲು ವಿಷ ತಿನ್ನುವುದು ಮೇಲು.

“ಇಲ್ಲಪಾ,” ಎಂದ. “ಅದು ಸತ್ತೈತಿ.”

ದುಂಡಪ್ಪ ಅವನ ಮುಖವನ್ನೇ ನೋಡಿದ. ಎದ್ದು ಕಪಾಟಿನ ಹತ್ತಿರ ಹೋದ. ಕಿಸೆಯಿಂದ ಕಟ್ಟಿಗೆಯ ಕ್ಲಿಪ್ಪು ತೆಗೆದು ಹೊಳೆಯುವ ಸೆಟ್ಟಿನ ಏರಿಯಲ್ಲಿಗೆ ಸಿಕ್ಕಿಸಿದ.

“ಇನ್ನ ಮ್ಯಾಲೆ ಇದು ಇಲ್ಲೇ ಇರಲ್ರಿ. ನನಗ ಬೇಕಾದಾಗ ಕೇಳಿ ಒಯ್ತೇನಿ,” ಎಂದು ಮೆಟ್ಟಿಲಿಳಿದು ಹೋದ.

ಹಾಗೇ ಮಾಡಿದ. ಮಳೆಗಾಲ ಕಳೆದು ಹೊಸ ವಿಮಾನ ತಯಾರಾದ ಮೇಲೆ ಪ್ರತಿ ರವಿವಾರ ಅಂಗಡಿಯ ಮುಂದೆ ಜೀಪು ನಿಲ್ಲುವುದು. ಅಟ್ಟ ಹತ್ತಿ, “ಕ್ಲಿಪ್ ತಗೊಳ್ಳಲೇನ್ರಿ, ಅಯ್ಯಾರ?” ಎನ್ನುವನು. ಬಸಯ್ಯ ‘ತಗೋ’ ಎನ್ನುವನು. ಸಂಜೆ ತಂದು ಮತ್ತೆ ಅಲ್ಲೇ ಸಿಕ್ಕಿಸಿ, ಅನ್ನಪೂರ್ಣಾ ಕೊಟ್ಟ ಚಹಾ ಕುಡಿದು ಹೋಗುವನು. ಜಗಳವಿಲ್ಲ, ಚುಚ್ಚು ಮಾತಿಲ್ಲ. ಒಂದೇಟು ಹೊಡೆದಿದ್ದರೆ ಬಸಯ್ಯ ಆವತ್ತೇ ಆರಾಮಾಗಿ ಮಲಗುತ್ತಿದ್ದ.

ವಿಮಾನದ ದುಂಡಪ್ಪನ ಹೆಸರು ಮತ್ತೆ ಮೇಲೆದ್ದಿತು, ರಾಮದುರ್ಗ, ಕಿತ್ತೂರಿನವರೂ ಕರೆಸಿಕೊಂಡರು. ಬಸಯ್ಯ ಗಾಯರಾಣಕ್ಕೆ ಹೋಗುವುದನ್ನು ಬಿಟ್ಟ. ಅಟ್ಟದ ಕಿಟಕಿಯಿಂದ ದೂರದ ಇಂಜಿನ್ನಿನ ಸದ್ದು ಕೇಳಿ ಬಂದರೆ, ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕಿವಿಗೊಡುವನು. ಕಪಾಟಿನಲ್ಲಿ ಜೀವಂತ ಸೆಟ್ಟು, ಅದರ ಕ್ಲಿಪ್ಪು ಆ ಹೊತ್ತಿಗೆ ಗಾಯರಾಣದಲ್ಲಿ. ನೋಡಲು ಬಂದವರು, “ಇದು ಚಾಲೂ ಐತೇನ್ರಿ?” ಎಂದರೆ, “ಸತ್ತೈತಿ” ಎನ್ನುವನು. ಒಂದು ದಿನ ಅನ್ನಪೂರ್ಣಾ ಧೂಳು ಹೊಡೆಯಲು ಬಂದವಳು ಕ್ಲಿಪ್ಪು ನೋಡಿ, “ಸತ್ತ ಸೆಟ್ಟಿಗೆ ಕ್ಲಿಪ್ ಯಾಕ್ರೀ? ನನಗರ ಬಟ್ಟಿ ಒಣಹಾಕಾಕ ಬರತೈತಿ,” ಎಂದು ಕೈ ಚಾಚಿದಳು.

“ಮುಟ್ಟಬ್ಯಾಡ!” ಎಂದು ಅವನು ಕೂಗಿದ ಕೂಗಿಗೆ ಕೆಳಗಿನ ಗಿರಾಕಿಗಳು ಮೇಲೆ ನೋಡಿದರು.

ಸೆಟ್ಟಿನೊಳಗೆ ಗ್ಯಾದರಿಂಗಿನ ದಿನ ಹಾಕಿದ ಸೆಲ್ಲು ಹಾಗೇ ಇದ್ದವು. ಅದು ಅವನಿಗೆ ಗೊತ್ತಿತ್ತು. ತೆಗೆಯಬೇಕು, ತೆಗೆಯಬೇಕು ಎಂದು ಎಷ್ಟೋ ಸಲ ಕಪಾಟಿನ ತನಕ ಹೋದ. ತೆಗೆದರೆ ಇನ್ನು ಮೇಲೆ ಇದನ್ನು ಎಂದೂ ಚಾಲೂ ಮಾಡುವುದಿಲ್ಲ ಎಂದು ತಾನೇ ಒಪ್ಪಿಕೊಂಡಂತೆ. ನಾಳೆ ಒಂದು ದಿನ ಧೈರ್ಯ ಬಂದರೆ? ಕ್ಲಿಪ್ಪು ಕಣ್ಣಿಗೆ ಬೀಳುತ್ತಲೇ ಕೈ ಹಿಂದೆ ಬರುತ್ತಿತ್ತು. ಹೀಗೆ ವರ್ಷಗಳು ಉರುಳಿದವು. ಬಜಾರದಲ್ಲಿ ಎಸ್‌ಟಿಡಿ ಬೂತು ಬಂದವು, ಹೋದವು, ಎಲ್ಲರ ಕಿಸೆಯಲ್ಲಿ ಮೊಬೈಲು ಬಂತು.

ಕಡೆಗೆ ಒಂದು ರವಿವಾರ ಬಸಯ್ಯ ಗಟ್ಟಿ ಮನಸ್ಸು ಮಾಡಿದ. ಇವತ್ತು ಬಟನ್ ಹಾಕಿ ದುಂಡಪ್ಪನ ಮುಂದೆ ಹಿಡಿಯುವುದು, ಆಗುವುದಾಗಲಿ. ಸೆಟ್ಟು ಕೆಳಗಿಳಿಸಿ ಹಿಂದಿನ ಮುಚ್ಚಳ ಬಿಚ್ಚಿದ. ಘಾಟು ಮೂಗಿಗೆ ಹೊಡೆಯಿತು. ಸೆಲ್ಲು ಸೋರಿ, ಕಿಲುಬು ಗೂಡು ದಾಟಿ, ಅವನು ಒಂದೊಂದಾಗಿ ಎಳೆದ ವಾಯರೊಳಗೆಲ್ಲ ತೆವಳಿತ್ತು. ಒಂದನ್ನು ಕತ್ತರಿಸಿ ನೋಡಿದ, ಒಳಗೆ ಕಪ್ಪು. ಇನ್ನೊಂದು, ಅದೂ ಕಪ್ಪು. ಕ್ರಿಸ್ಟಲ್ಲು ಮುಟ್ಟಿದರೆ ಕಾಲು ಕಳಚಿ ಅಂಗೈಗೆ ಬಂತು.

ಕೆಳಗೆ ಜೀಪು ನಿಂತ ಸದ್ದಾಯಿತು. ದುಂಡಪ್ಪ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಬಸಯ್ಯ ಹೇಗೋ ಮುಚ್ಚಳ ಹಾಕಿ ಸೆಟ್ಟನ್ನು ಕಪಾಟಿನಲ್ಲಿಟ್ಟಿದ್ದ. ಅದು ಅವನ ಹಳೇ ಚಟ. ತನ್ನ ಸೋಲು ದುಂಡಪ್ಪನ ಕಣ್ಣಿಗೆ ಬೀಳಬಾರದು.

“ಕ್ಲಿಪ್ ತಗೊಳ್ಳಲೇನ್ರಿ, ಅಯ್ಯಾರ?”

“ಒಯ್ದ ಬಿಡು, ದುಂಡಪ್ಪಾ. ತಿರುಗಿ ತರಬ್ಯಾಡ.” ಬಸಯ್ಯನ ದನಿ ಒಡೆದಿತ್ತು. “ಇನ್ನ ಕ್ಲಿಪ್ಪಿನ ಗರಜಿಲ್ಲ. ಸೆಟ್ಟು ಸತ್ತೈತಿ. ಖರೇನ ಸತ್ತೈತಿ.”

ದುಂಡಪ್ಪ ಏರಿಯಲ್ಲಿನಿಂದ ಕ್ಲಿಪ್ಪು ಬಿಡಿಸಿ ಕಿಸೆಗೆ ಹಾಕಿಕೊಂಡ.

“ಆವತ್ತೂ ಹಿಂಗ ಅಂದಿದ್ರೆಲ್ರಿ, ಅಯ್ಯಾರ,” ಎಂದ.

ಸಂಜೆ ಹೊತ್ತು ಮುಳುಗುವ ಮೊದಲು ಬಂದು, ಎಂದಿನಂತೆ ಚಹಾ ಕುಡಿದು, ಕ್ಲಿಪ್ಪನ್ನು ಮತ್ತೆ ಅದೇ ಏರಿಯಲ್ಲಿಗೆ ಸಿಕ್ಕಿಸಿ ಹೋದ.